ತೊರೆಯ ಸ್ಟೋನ್‌ಫ್ಲೈ ಗುರುತಿಸಲು ಯಾವುದು ಬೇಕು: ಭೂತಕನ್ನಡಿಯೋ, ಮೊಬೈಲ್ ಲೆನ್ಸೋ, ಸೂಕ್ಷ್ಮದರ್ಶಕವೋ?

ವಿಜಯನಗರದ ಗೆಳೆಯರೊಬ್ಬರು ರಜೆಗೆ ಕುದುರೆಮುಖದ ಕಡೆ ಹೊರಟಿದ್ದಾರೆ. ಮರಿಯಾಗಿದ್ದಾಗ ತೊರೆಯ ಕಲ್ಲುಗಳಡಿ ಬದುಕುವ ಸ್ಟೋನ್‌ಫ್ಲೈ ಎಂಬ ಕೀಟವನ್ನು ಗುರುತಿಸಲು ಈ ಮೂರರಲ್ಲಿ ಯಾವುದನ್ನು ಕೊಳ್ಳಲಿ ಎಂಬುದು ಅವರ ಪ್ರಶ್ನೆ.

ಹಣದ ಮಾತು ಬೇಗ ಮುಗಿಯುತ್ತದೆ. ಭೂತಕನ್ನಡಿಗೂ ಮೊಬೈಲ್ ಕ್ಯಾಮೆರಾಕ್ಕೆ ಸಿಕ್ಕಿಸುವ ಲೆನ್ಸಿಗೂ ಕೆಲವು ನೂರು ರೂಪಾಯಿ ಸಾಕು. ಎರಡೂ ಕಣ್ಣಿಂದ ನೋಡುವ ಒಳ್ಳೆಯ ಸ್ಟೀರಿಯೊ ಸೂಕ್ಷ್ಮದರ್ಶಕಕ್ಕೆ ಸಾವಿರಗಳ ಲೆಕ್ಕ.

ಕಾಣುವುದೇನು ಎಂಬುದೇ ಮುಖ್ಯ. ತಣ್ಣನೆಯ ತೊರೆಯಲ್ಲಿ ಕಲ್ಲು ಮಗುಚಿ, ಅಂಟಿಕೊಂಡ ಮರಿಯನ್ನು ಬಿಳಿ ತಟ್ಟೆಯ ನೀರಿಗೆ ಬಿಡಿ. ಬಾಲದ ಎಳೆ ಎರಡಿದ್ದರೆ ಸ್ಟೋನ್‌ಫ್ಲೈ ಎಂದು ಹಿಗ್ಗಬೇಡಿ, ನೀರಿನಲ್ಲೇ ಬೆಳೆಯುವ ಇನ್ನೊಂದು ಕೀಟವಾದ ಮೇಫ್ಲೈಯ ಕೆಲವು ಬಗೆಗಳಿಗೂ ಎರಡೇ. 10 ಪಟ್ಟು ಹಿಗ್ಗಿಸುವ ಭೂತಕನ್ನಡಿಯಲ್ಲಿ ಕಾಲಿನ ತುದಿ ನೋಡಿ: ಸ್ಟೋನ್‌ಫ್ಲೈಗೆ ಎರಡು ಉಗುರು, ಮೇಫ್ಲೈಗೆ ಒಂದೇ. ಮೇಫ್ಲೈ ಹೊಟ್ಟೆಯ ಪಕ್ಕದಲ್ಲಿ ಕಿವಿರುಗಳು ಎಲೆಯಂತೆ ಅಲುಗುತ್ತವೆ. ಸ್ಟೋನ್‌ಫ್ಲೈಗಳ ಪರ್ಲಿಡೇ ಎಂಬ ಕುಟುಂಬದ ಮರಿಗಳಲ್ಲಾದರೋ ಅವು ಕಾಲಿನ ಬುಡದಲ್ಲಿ ಪುಟ್ಟ ಕುಚ್ಚುಗಳಂತಿರುತ್ತವೆ.

ಮೊಬೈಲ್ ಲೆನ್ಸಿನಲ್ಲಿ, ಮರಿ ಅರೆಗಳಿಗೆ ಸುಮ್ಮನಿದ್ದರೆ, ಇದೆಲ್ಲವೂ ಚಿತ್ರವಾಗಿ ಉಳಿಯುತ್ತದೆ. ನನ್ನ ಅರ್ಧ ಚಿತ್ರಗಳಲ್ಲಿ ನೀರಿನ ಹೊಳಪು ಮಾತ್ರ ಬಂದಿದೆ! ಆದರೂ ರಕ್ಷಿತ ಅರಣ್ಯದಲ್ಲಿ ಅನುಮತಿಯಿಲ್ಲದೆ ಕೀಟ ಹಿಡಿದು ತರುವಂತಿಲ್ಲವಾದ್ದರಿಂದ, ಪ್ರವಾಸಿಗೆ ಇದೇ ಅನುಕೂಲ.

ಪ್ರಭೇದದ ಹೆಸರೇ ಬೇಕೆಂದರೆ ಸೂಕ್ಷ್ಮದರ್ಶಕ ಬೇಕೇಬೇಕು. ಹಲವು ಸ್ಟೋನ್‌ಫ್ಲೈಗಳಲ್ಲಿ ವಯಸ್ಕ ಗಂಡಿನ ಜನನಾಂಗದ ಆಕಾರ ನೋಡಿಯೇ ಹೆಸರಿಡುತ್ತಾರೆ. ಮರಿಯಿಂದ ಅದು ಬಹುತೇಕ ಸಾಧ್ಯವಿಲ್ಲ. ಅನುಮತಿ ಪಡೆದು, ಆಲ್ಕೊಹಾಲ್‌ನಲ್ಲಿಟ್ಟು ತಂದ ಮಾದರಿಗಳಿದ್ದವರಿಗೆ ಮಾತ್ರ ಆ ಖರ್ಚು ಸಾರ್ಥಕ. ಮಕ್ಕಳೊಂದಿಗೆ ಹೋಗುವವರು ಭೂತಕನ್ನಡಿಯನ್ನು ದಾರದಲ್ಲಿ ಕೊರಳಿಗೆ ಕಟ್ಟಿಕೊಳ್ಳಲಿ, ತೊರೆಗೆ ಬಿದ್ದರೆ ಸಿಗುವುದಿಲ್ಲ.