ಅಲೈನ್‌ಮೆಂಟ್ ಚೌಕದ ಜೊತೆ ಏಳು ವರ್ಷ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಗಾರರ ಕೈಪಿಡಿ, ಐದನೇ ಆವೃತ್ತಿ (2014)

ಒಬ್ಬೊಬ್ಬರೂ ಒಂದು ಕಲ್ಪಿತ ಪಾತ್ರವಾಗಿ, ದಾಳ ಉರುಳಿಸುತ್ತಾ ಒಟ್ಟಿಗೆ ಕಥೆ ಕಟ್ಟುವ ಆಟದ ನಿಯಮಗಳ ಪುಸ್ತಕ ಇದು. ಇದನ್ನು ನಾವು ಮೂವರು ಹಣ ಸೇರಿಸಿ ಕೊಂಡು ಏಳು ವರ್ಷವಾಯಿತು. ಶನಿವಾರದಿಂದ ಶನಿವಾರಕ್ಕೆ ಮನೆಯಿಂದ ಮನೆಗೆ ತಿರುಗಿ ಅದರ ಮೂಲೆಗಳು ಮೆತ್ತಗಾಗಿವೆ. ಯುದ್ಧದ ನಿಯಮ, ಮಂತ್ರಗಳ ಪಟ್ಟಿ, ಚಿತ್ರಗಳು ಎಲ್ಲರಿಗೂ ಗೊತ್ತಿರುವ ವಿಷಯ. ನಾನು ಬರೆಯಹೊರಟಿರುವುದು ಪಾತ್ರದ ಹಾಳೆಯ ಮೇಲ್ಭಾಗದಲ್ಲಿರುವ ಒಂದು ಪುಟ್ಟ ಚೌಕದ ಬಗ್ಗೆ. ಅಲೈನ್‌ಮೆಂಟ್, ಅಂದರೆ ಪಾತ್ರದ ನೈತಿಕ ನಿಲುವು, ಬರೆಯುವ ಆ ಚೌಕ ನಮ್ಮ ಗುಂಪನ್ನು ಒಡೆಯುವ ಹಂತಕ್ಕೆ ತಂದಿತ್ತು.

ನಮ್ಮ ಆಟ ಶುರುವಾಗುವ ಕ್ರಮವೊಂದಿದೆ. ಮೊದಲು ಕಾಫಿ. ಆಮೇಲೆ ಎಲ್ಲರೂ ಕೈ ತೊಳೆದು ಬರಬೇಕು, ಏಕೆಂದರೆ ಚುರುಮುರಿ ತಿಂದ ಕೈಯ ಎಣ್ಣೆ ಹಾಳೆಗೆ ಅಂಟಿದರೆ ಅಲ್ಲಿ ಪೆನ್ಸಿಲ್ ಹಿಡಿಯುವುದಿಲ್ಲ. ದಾಳಗಳನ್ನು ಅಜ್ಜಿಯ ಕಾಲದ ಹಿತ್ತಾಳೆ ಲೋಟದಲ್ಲಿ ಕುಲುಕಿ ಹಾಕುತ್ತೇವೆ. ಆ ಗಲಗಲ ಸದ್ದು ಕೇಳಿದ ಮೇಲೆ ಯಾರೂ ಮೊಬೈಲ್ ಮುಟ್ಟುವುದಿಲ್ಲ. ಆಟ ನಡೆಸುವವನು, ಅಂದರೆ ಡಂಜನ್ ಮಾಸ್ಟರ್ (ಡಿ.ಎಂ.), ನಾನು. ಹೊಸ ಪಾತ್ರ ಸೃಷ್ಟಿಸುವ ದಿನ ಎಲ್ಲರಿಂದಲೂ ಒಂಬತ್ತರಲ್ಲಿ ಒಂದು ಅಲೈನ್‌ಮೆಂಟ್ ಬರೆಸುತ್ತಿದ್ದವನೂ ನಾನೇ. ಕಟ್ಟಳೆ, ತಟಸ್ಥ, ಸ್ವಚ್ಛಂದ ಎಂದು ಒಂದು ಸಾಲು. ಒಳಿತು, ತಟಸ್ಥ, ಕೆಡುಕು ಎಂದು ಇನ್ನೊಂದು. ಎರಡನ್ನೂ ಹೆಣೆದರೆ ಲಾಫುಲ್ ಗುಡ್‌ನಿಂದ (ಕಟ್ಟಳೆ, ಒಳಿತು) ಕೇಯಾಟಿಕ್ ಈವಿಲ್‌ವರೆಗೆ (ಸ್ವಚ್ಛಂದ, ಕೆಡುಕು) ಒಂಬತ್ತು ಮನೆಗಳು.

ಎರಡನೇ ವರ್ಷದಲ್ಲಿ ನಡೆದದ್ದು ಹೀಗೆ. ಗೆಳೆಯನೊಬ್ಬನ ಅಕ್ಕ, ನಮಗೆಲ್ಲರಿಗೂ ಅಕ್ಕನೇ ಆದವರು, ಪ್ಯಾಲಡಿನ್ ಎಂಬ, ಪ್ರತಿಜ್ಞೆಗೆ ಬದ್ಧನಾದ ಧರ್ಮಯೋಧನ ಪಾತ್ರ ಆಡುತ್ತಿದ್ದರು. ಡಿವೋಶನ್ ಎಂಬ ಪ್ರತಿಜ್ಞೆ ತೊಟ್ಟ ಪಾತ್ರ ಅದು. ಆ ಪ್ರತಿಜ್ಞೆಯ ಮೊದಲ ಮಾತೇ ಸುಳ್ಳಾಡಬಾರದು, ಕೊಟ್ಟ ಮಾತಿಗೆ ತಪ್ಪಬಾರದು ಎನ್ನುವುದು. ಸೆರೆಸಿಕ್ಕ ಗಾಬ್ಲಿನ್ (ಕುಳ್ಳ ರಾಕ್ಷಸ) ಒಬ್ಬನಿಗೆ ಅಕ್ಕನ ಪಾತ್ರ ಮಾತು ಕೊಟ್ಟಿತು: ದಾರಿ ತೋರಿಸಿದರೆ ಜೀವದಾನ. ಗಾಬ್ಲಿನ್ ದಾರಿ ತೋರಿಸಿದ. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ನಮ್ಮ ಗುಂಪಿನ ರೋಗ್, ಅಂದರೆ ಕಳ್ಳನ ಪಾತ್ರ, ಎದ್ದು ಗಾಬ್ಲಿನ್‌ನ ಕತ್ತು ಕೊಯ್ದ. ಏಕೆ ಎಂದು ಕೇಳಿದರೆ ರೋಗ್ ಆಡುತ್ತಿದ್ದ ಹುಡುಗ ಹಾಳೆಯ ಚೌಕಕ್ಕೆ ಬೆರಳಿಟ್ಟ. “ಕೇಯಾಟಿಕ್ ನ್ಯೂಟ್ರಲ್. ನನ್ನ ಪಾತ್ರ ಇರುವುದೇ ಹೀಗೆ.” ಅಕ್ಕ ದಾಳಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಮುಂದಿನ ಮೂರು ಶನಿವಾರ ಬರಲಿಲ್ಲ.

ಆ ದಿನಗಳಲ್ಲಿ ನನಗೆ ಈ ನಿಯಮದ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಆ ನಿಯಮ ಎಲ್ಲಿಂದ ಬಂತೆಂದು ಹುಡುಕಿಕೊಂಡು ಹೋದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ 1974ರ ಮೂಲ ಆಟದಲ್ಲಿ ಇದ್ದದ್ದು ಮೂರೇ: ಲಾ, ನ್ಯೂಟ್ರಾಲಿಟಿ, ಕೇಯಾಸ್. ಆಗ ಅದನ್ನು ಸ್ವಭಾವ ಎನ್ನುವುದಕ್ಕಿಂತ ಯಾರು ಯಾರ ಪಕ್ಷ ಎಂಬ ಲೆಕ್ಕ ಎನ್ನಬಹುದಿತ್ತು. 1977ರಲ್ಲಿ ಐದಾಯಿತು, 1978ರಲ್ಲಿ ಒಂಬತ್ತು. 1979ರ ಡಿ.ಎಂ. ಕೈಪಿಡಿಯ ಪ್ರಕಾರ ಅಲೈನ್‌ಮೆಂಟ್ ಬದಲಾದ ಪಾತ್ರ ಒಂದು ಲೆವೆಲ್ಲನ್ನೇ ಕಳೆದುಕೊಳ್ಳಬೇಕಿತ್ತು. ತಿಂಗಳುಗಟ್ಟಲೆ ಆಡಿ ಗಳಿಸಿದ್ದು ಮನಸ್ಸು ಬದಲಾದ ತಪ್ಪಿಗೆ ಹೋಗುತ್ತಿತ್ತು! ಇಷ್ಟು ಓದಿ ಮತ್ತೆ ನಮ್ಮ ಪುಸ್ತಕ ತೆರೆದಾಗ ನಿಜವಾಗಿ ಬೆರಗಾದೆ. 2014ರ ಈ ಆವೃತ್ತಿ ಒಂಬತ್ತು ಹೆಸರುಗಳನ್ನು ಉಳಿಸಿಕೊಂಡು ಅವುಗಳ ಹಲ್ಲನ್ನು ಹೆಚ್ಚುಕಡಿಮೆ ಕಿತ್ತುಹಾಕಿದೆ. ಪ್ಯಾಲಡಿನ್ ಲಾಫುಲ್ ಗುಡ್ ಆಗಿರಲೇಬೇಕೆಂಬ ಹಳೆಯ ಷರತ್ತಿಲ್ಲ. ಅವನನ್ನು ಕಟ್ಟಿಹಾಕುವುದು ಅವನ ಪ್ರತಿಜ್ಞೆ. ಒಳಿತು ಕೆಡುಕನ್ನು ಪತ್ತೆಹಚ್ಚುವ ಮಂತ್ರವೂ ಮನುಷ್ಯರ ಮನಸ್ಸನ್ನು ಓದುವುದಿಲ್ಲ. ಪಿಶಾಚಿ, ಪ್ರೇತ, ದೇವಗಣದಂಥವು ಹತ್ತಿರದಲ್ಲಿವೆಯೇ ಎಂದಷ್ಟೇ ಹೇಳುತ್ತದೆ. ಚೌಕಕ್ಕೆ ಅಷ್ಟೊಂದು ಅಧಿಕಾರ ಕೊಟ್ಟವನು ನಾನು. “ಲಾಫುಲ್ ಗುಡ್ ಹಾಗೆ ಮಾಡುವುದಿಲ್ಲ” ಎಂದು ಅಕ್ಕನನ್ನು ಹತ್ತಾರು ಸಲ ತಡೆದಿದ್ದೆ. ಆ ಹುಡುಗ ನನ್ನಿಂದಲೇ ಕಲಿತಿದ್ದ.

ಅಕ್ಕನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. “ಪುಣ್ಯಕೋಟಿಯ ಕಥೆಯ ಹುಲಿಯನ್ನು ನಿನ್ನ ಯಾವ ಚೌಕದಲ್ಲಿ ಕೂರಿಸುತ್ತೀಯ?” ಹಸಿದಾಗ ಒಂದರಲ್ಲಿ, ಹಸು ಹಿಂತಿರುಗಿ ಬಂದು ಎದುರು ನಿಂತ ಮೇಲೆ ಇನ್ನೊಂದರಲ್ಲಿ ಎಂದೆ. “ಮತ್ತೆ ಹಸು ಬರುವ ಮೊದಲೇ ಯಾಕೆ ಬರೆಸುತ್ತೀಯ?”

ಅಂದಿನಿಂದ ನಮ್ಮಲ್ಲಿ ಆ ಚೌಕ ಖಾಲಿ ಇರುತ್ತದೆ. ಹತ್ತು ಶನಿವಾರ ಆಡಿದ ಮೇಲೆ ಇಷ್ಟವಿದ್ದವರು ಪೆನ್ಸಿಲ್‌ನಲ್ಲಿ ತುಂಬಬಹುದು. ಮೊದಲ ದಿನ ಬರೆಯುವುದು ಅದೇ ಅಧ್ಯಾಯದಲ್ಲಿರುವ ಬೇರೆ ನಾಲ್ಕು ಸಾಲುಗಳನ್ನು: ನಡವಳಿಕೆ, ಆದರ್ಶ, ನಂಟು, ದೌರ್ಬಲ್ಯ. ಎರಡು ವರ್ಷ ನಾನು ಇವನ್ನು ಅಲಂಕಾರವೆಂದು ಹಾರಿಸಿಬಿಟ್ಟಿದ್ದೆ. ಈ ಪುಸ್ತಕ ನನಗೆ ಕೊಟ್ಟ ದೊಡ್ಡ ಸಂತೋಷ ಈ ಸಾಲುಗಳೇ. ಇವಕ್ಕೆ ತಕ್ಕಂತೆ ಆಡಿದವರಿಗೆ ಡಿ.ಎಂ. ಇನ್‌ಸ್ಪಿರೇಶನ್ ಎಂಬ ಬಹುಮಾನ ಕೊಡಬಹುದು, ಅದನ್ನು ಖರ್ಚು ಮಾಡಿದರೆ ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಉರುಳಿಸಿ ದೊಡ್ಡ ಸಂಖ್ಯೆ ಇಟ್ಟುಕೊಳ್ಳಬಹುದು. ನಾವು ಅದಕ್ಕೆ ಗುರುತಾಗಿ ಒಂದು ಹುಣಸೆ ಬೀಜ ಕೊಡುತ್ತೇವೆ.

ರೋಗ್ ಆಡುವ ಹುಡುಗ ನಂಟಿನ ಸಾಲಿನಲ್ಲಿ ಬರೆದ: ತಂಗಿಯನ್ನು ಸಾಲ ಕೊಟ್ಟವನ ಮನೆಯಿಂದ ಬಿಡಿಸಿಕೊಳ್ಳಬೇಕು. ಆರು ತಿಂಗಳ ನಂತರ ಇನ್ನೊಬ್ಬ ಸೆರೆಯಾಳು ಸಿಕ್ಕಿದ. ಅವನನ್ನು ಶತ್ರುಗಳಿಗೆ ಒಪ್ಪಿಸಿದ್ದರೆ ಸಾಲ ತೀರುವಷ್ಟು ಚಿನ್ನ ಬರುತ್ತಿತ್ತು. ಹುಡುಗ ಬಹಳ ಹೊತ್ತು ಲೋಟವನ್ನು ಕೈಯಲ್ಲೇ ಹಿಡಿದು ಕುಳಿತ. ಆಮೇಲೆ ಅಕ್ಕನ ಕಡೆ ತಿರುಗಿ, “ನೀವು ಇವನಿಗೆ ಮಾತು ಕೊಟ್ಟಿದ್ದೀರಾ?” ಎಂದು ಕೇಳಿದ. ಅಕ್ಕ ಹೌದೆಂದರು. ಅವನು ಹಗ್ಗ ಬಿಚ್ಚಿದ. ಹುಣಸೆ ಬೀಜವನ್ನು ಅವನ ಮುಂದೆ ಇಡುವಾಗ ನನ್ನ ಗಂಟಲು ಕಟ್ಟಿತ್ತು.

ಕೊಳ್ಳುವವರಿಗೆ ಒಂದೆರಡು ಮಾತು. ಇದೇ 2014ರ ಆವೃತ್ತಿಯ ಉಚಿತ ಬೇಸಿಕ್ ರೂಲ್ಸ್‌ನಲ್ಲೂ ಆ ನಾಲ್ಕು ಸಾಲುಗಳಿವೆ; ಕೈ ಬಿಗಿ ಇದ್ದರೆ ಅಲ್ಲಿಂದಲೇ ಶುರುಮಾಡಿ. 2024ರ ಪರಿಷ್ಕೃತ ಕೈಪಿಡಿಯಲ್ಲಿ ಅಲೈನ್‌ಮೆಂಟ್ ಉಳಿದಿದೆ, ಆದರೆ ಪಾತ್ರಕ್ಕೆ ಆರಿಸಿಕೊಳ್ಳುವ ಪ್ರತಿ ಹಿನ್ನೆಲೆಯ ಜೊತೆಗಿದ್ದ ಆದರ್ಶ, ನಂಟು, ದೌರ್ಬಲ್ಯಗಳ ಪಟ್ಟಿ ಹೋಗಿದೆ. ನಾನು ಹಳೆಯದನ್ನು ಬಿಡದಿರಲು ಅದೇ ಕಾರಣ. ಅಲೈನ್‌ಮೆಂಟ್ ಬೇಡವೇ ಬೇಡ ಎನ್ನುವವರು ಇಂಥದ್ದೇ ಇನ್ನೊಂದು ಆಟವಾದ ಪಾತ್‌ಫೈಂಡರ್‌ನ ಎರಡನೇ ಆವೃತ್ತಿಯ 2023ರ ಪರಿಷ್ಕರಣೆ ನೋಡಬಹುದು. ಅದರಲ್ಲಿ ಅದನ್ನು ತೆಗೆದು, ಪಾತ್ರ ಏನು ಮಾಡಬೇಕು, ಏನು ಮಾಡಬಾರದು ಎಂಬ ಕಟ್ಟುಪಾಡುಗಳನ್ನು ಇಟ್ಟಿದ್ದಾರೆ.

ನಮ್ಮ ಪ್ರತಿಯ ಬೆನ್ನಿಗೆ ಈಚೆಗೆ ಬಟ್ಟೆಯ ಪಟ್ಟಿ ಅಂಟಿಸಿದ್ದೇವೆ. ಈ ವಾರ ಅದು ಅಕ್ಕನ ಮನೆಯಲ್ಲಿದೆ. ಅವರ ಹೊಸ ಪಾತ್ರಕ್ಕೆ ಹದಿನಾಲ್ಕು ತಿಂಗಳಾಯಿತು, ಚೌಕ ಇನ್ನೂ ಖಾಲಿ.