ರವೆನ್ನಾದ ಆರಿಯನ್ನರ ಜ್ಞಾನಸ್ನಾನ ಮಂದಿರ: ತಪ್ಪದೆ ನೋಡಿ

ಇಟಲಿಯ ರವೆನ್ನಾ ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆ. ದೊಡ್ಡ ರಸ್ತೆ ಬಿಟ್ಟು ಸಣ್ಣ ಓಣಿಗೆ ತಿರುಗಿದರೆ ಒಂದು ಪುಟ್ಟ ಚೌಕ ಸಿಗುತ್ತದೆ. ಅಲ್ಲಿ ತಗ್ಗಿನಲ್ಲಿ ಕೂತ ಹಾಗೆ ಎಂಟು ಮೂಲೆಯ ಇಟ್ಟಿಗೆ ಕಟ್ಟಡ. ಹೊರಗಿನಿಂದ ನೋಡಿದರೆ ಹಳೇ ಪಂಪ್‌ಹೌಸ್ ಅನ್ನಬೇಕು, ಅಷ್ಟು ಸಾದಾ. ಊರಿನ ನೆಲ 1500 ವರ್ಷಗಳಲ್ಲಿ ಏರುತ್ತಾ ಹೋಗಿದೆ, ಮಂದಿರ ಮಾತ್ರ ಹಳೆಯ ಮಟ್ಟದಲ್ಲೇ ಉಳಿದಿದೆ. ಈಗಿನ ರಸ್ತೆಗಿಂತ ಎರಡು ಮೀಟರಿಗೂ ಜಾಸ್ತಿ ಕೆಳಗಿದೆ.

ಒಳಗೆ ಏನೂ ಇಲ್ಲ. ಬೆಂಚಿಲ್ಲ, ಪೀಠವಿಲ್ಲ, ಜ್ಞಾನಸ್ನಾನದ (ಬ್ಯಾಪ್ಟಿಸಂ, ಕ್ರೈಸ್ತರಾಗಿ ಸೇರಿಸಿಕೊಳ್ಳುವ ನೀರಿನ ಸಂಸ್ಕಾರ) ತೊಟ್ಟಿಯೂ ಇಲ್ಲ. ಗೋಡೆಗಳೆಲ್ಲ ಬರಿ ಇಟ್ಟಿಗೆ. ತಲೆ ಎತ್ತಿದರೆ ಮಾತ್ರ ಚಿನ್ನ. ಐದಕ್ಕೆ ಐದು ಕೊಡುತ್ತೇನೆ. ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ನಾನು ನಮ್ಮ ಚರ್ಚಿನಲ್ಲಿ ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುತ್ತೇನೆ. ಹದಿನಾಲ್ಕು ವರ್ಷ ಆಯಿತು. ಹೋದ ವರ್ಷ ಐದನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಟೀಚರ್, ಅಪ್ಪ ಮೊದಲು, ಮಗ ಆಮೇಲೆ ಅಲ್ವಾ? ಹಾಗಾದ್ರೆ ಯೇಸುಸ್ವಾಮಿ ಹುಟ್ಟೋಕ್ ಮುಂಚೆ ದೇವರು ಒಬ್ಬರೇ ಇದ್ರಾ?" ಪುಸ್ತಕದಲ್ಲಿದ್ದ ಉತ್ತರ ಓದಿ ಹೇಳಿದೆ. ಅವನಿಗೆ ಅದು ಸಾಲಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಸಾಲಲಿಲ್ಲ. ಮನೆಗೆ ಬಂದು ಓದಲು ಕೂತಾಗ ಗೊತ್ತಾಯಿತು, ಇದೇ ಪ್ರಶ್ನೆ 1700 ವರ್ಷಗಳ ಹಿಂದೆ ಒಂದು ಸಾಮ್ರಾಜ್ಯವನ್ನೇ ಅಲ್ಲಾಡಿಸಿತ್ತು.

ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಆರಿಯಸ್ ಅಂತ ಒಬ್ಬ ಗುರು (ಪಾದ್ರಿ) ಇದ್ದ. (ಆರಿಯನ್ ಅಂದರೆ ಇವನ ಹಿಂಬಾಲಕರು. ಆರ್ಯ ಅನ್ನುವ ಪದಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಮನೆಯಲ್ಲೇ ಇಬ್ಬರು ಹಾಗೆ ಅಂದುಕೊಂಡಿದ್ದರು.) ಆರಿಯಸ್ ಕೆಟ್ಟವನಲ್ಲ. ಕಟ್ಟುನಿಟ್ಟಿನ ಜೀವನ, ಜನರ ಪ್ರೀತಿ ಗಳಿಸಿದವನು. ತನ್ನ ವಿಚಾರವನ್ನು ಹಾಡು ಕಟ್ಟಿ ಹರಡಿಸಿದ. ಹಡಗಿನವರು, ಹಿಟ್ಟು ಬೀಸುವವರು ಹಾಡಿಕೊಳ್ಳುತ್ತಿದ್ದರು ಅನ್ನುತ್ತಾರೆ. ದೇವರು ಒಬ್ಬನೇ, ಆ ಒಂದು ಎರಡಾಗಬಾರದು ಅನ್ನುವುದು ಅವನ ಕಾಳಜಿ. ಹಾಗಾಗಿ ಮಗನನ್ನು ತಂದೆ ಉಂಟುಮಾಡಿದ ಅಂದ. ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಶ್ರೇಷ್ಠವಾಗಿ, ಆದರೂ ಉಂಟುಮಾಡಿದ. ಮಗ ಇಲ್ಲದ ಒಂದು ಹೊತ್ತು ಇತ್ತು ಅಂದ. ನಮ್ಮ ಐದನೇ ಕ್ಲಾಸಿನ ಹುಡುಗ ಹೇಳಿದ್ದೂ ಹೆಚ್ಚು ಕಡಿಮೆ ಅದನ್ನೇ.

325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಧರ್ಮಾಧ್ಯಕ್ಷರನ್ನೆಲ್ಲ (ಬಿಷಪ್ಪರನ್ನು) ನಿಸೇಯಕ್ಕೆ ಕರೆಸಿದ. ಈಗ ಅದು ಟರ್ಕಿಯ ಇಜ್ನಿಕ್. ಸಭೆ ಆರಿಯಸ್ಸನ ಮಾತನ್ನು ತಳ್ಳಿಹಾಕಿತು. ಮಗ ತಂದೆಯ ಸತ್ವವೇ, ಹುಟ್ಟಿದವನು ಹೌದು, ಉಂಟುಮಾಡಲ್ಪಟ್ಟವನಲ್ಲ ಅಂತ ಬರೆದರು. ಇವತ್ತಿಗೂ ನಾವು ದೊಡ್ಡ ವಿಶ್ವಾಸಸಂಗ್ರಹ (ನಾವು ಏನು ನಂಬುತ್ತೇವೆ ಅಂತ ಒಟ್ಟಾಗಿ ಹೇಳುವ ಪ್ರಾರ್ಥನೆ) ಹೇಳುವಾಗ ದೇವರಿಂದ ದೇವರು, ಜ್ಯೋತಿಯಿಂದ ಜ್ಯೋತಿ ಅಂತ ಹೇಳುತ್ತೇವಲ್ಲ, ಅದು ಆ ಜಗಳದಲ್ಲಿ ಹುಟ್ಟಿದ ಮಾತು.

ಯಾಕೆ ತಳ್ಳಿಹಾಕಿದರು? ಚಕ್ರವರ್ತಿಗೆ ಬೇಕಿತ್ತು, ಅದಕ್ಕೆ ಆಯಿತು ಅಂತ ಕೆಲವರು ಸುಲಭವಾಗಿ ಹೇಳಿಬಿಡುತ್ತಾರೆ. ಅದು ಸರಿಯಲ್ಲ. ಕಾನ್‌ಸ್ಟಂಟೈನ್‌ಗೆ ಬೇಕಿದ್ದದ್ದು ಶಾಂತಿ. ಕೊನೆಗೆ ಸಾಯುವ ಹೊತ್ತಿನಲ್ಲಿ ಅವನಿಗೆ ಜ್ಞಾನಸ್ನಾನ ಕೊಟ್ಟವನು ಆರಿಯಸ್ಸನ ಪರವಾಗಿದ್ದ ಧರ್ಮಾಧ್ಯಕ್ಷ. ಅವನ ಮಗ ಕಾನ್‌ಸ್ಟಾಂಟಿಯಸ್ ಅಂತೂ ನೇರವಾಗಿ ನಿಸೇಯದ ವಿರೋಧಿಗಳ ಕಡೆ ನಿಂತ. ನಿಸೇಯದ ಮಾತನ್ನು ಹಿಡಿದು ನಿಂತ ಅಲೆಕ್ಸಾಂಡ್ರಿಯಾದ ಧರ್ಮಾಧ್ಯಕ್ಷ ಅಥನೇಸಿಯಸ್‌ನನ್ನು ಐದು ಸಲ ಊರು ಬಿಡಿಸಿದರು. 381ರಲ್ಲಿ ಕಾನ್‌ಸ್ಟಾಂಟಿನೋಪಲ್ ಸಭೆ ಆಗುವವರೆಗೂ ಈ ಜಗಳ ನಿಲ್ಲಲಿಲ್ಲ. ಅರಮನೆಯ ಬಲವಷ್ಟೇ ಸಾಕಾಗಿದ್ದರೆ ಆರಿಯಸ್ಸನ ಕಡೆಯವರೇ ಗೆದ್ದಿರುತ್ತಿದ್ದರು.

ಕಾರಣ ಇದ್ದದ್ದು ಪ್ರಾರ್ಥನೆಯಲ್ಲಿ. ಆರಿಯನ್ನರೂ ಯೇಸುವಿಗೆ ಪ್ರಾರ್ಥನೆ ಮಾಡುತ್ತಿದ್ದರು, ಪಿತ, ಸುತ, ಪವಿತ್ರಾತ್ಮರ ನಾಮದಲ್ಲೇ ಜ್ಞಾನಸ್ನಾನ ಕೊಡುತ್ತಿದ್ದರು. ಮಗ ಸೃಷ್ಟಿಯಾದವನಾದರೆ ಸೃಷ್ಟಿಗೆ ಕೈ ಮುಗಿದ ಹಾಗಾಯಿತಲ್ಲ ಅಂತ ಅಥನೇಸಿಯಸ್ ಕೇಳಿದ. ಇನ್ನೂ ದೊಡ್ಡ ಪ್ರಶ್ನೆ ಶಿಲುಬೆಯದು. ನಮಗಾಗಿ ದೇವರು ತಾನೇ ಬಂದನೋ, ಬೇರೆ ಯಾರನ್ನೋ ಕಳಿಸಿದನೋ? ಸಾವಿನ ಮನೆಗೆ ತಾನೇ ಬಂದು ಪಕ್ಕದಲ್ಲಿ ಕೂರುವವರು ಬೇರೆ, ಆಳಿನ ಕೈಲಿ ಹೇಳಿ ಕಳಿಸುವವರು ಬೇರೆ. ಆ ಆಳು ಎಷ್ಟೇ ದೊಡ್ಡವನಾದರೂ ಯಜಮಾನ ಬಂದ ಹಾಗಾಗುವುದಿಲ್ಲ. ಧರ್ಮಸಭೆ ಬಿಟ್ಟುಕೊಡಲು ಒಪ್ಪದೇ ಇದ್ದದ್ದು ಇದನ್ನು. ಇದು ಅರ್ಥವಾದ ದಿನ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ತಳ್ಳಿಹಾಕಿದ ಮತಕ್ಕೆ ಇಟಲಿಯಲ್ಲಿ ಚಿನ್ನದ ಮಂದಿರ ಎಲ್ಲಿಂದ ಬಂತು? ಗಾತ್ ಅನ್ನುವ ಜರ್ಮಾನಿಕ್ ಜನಾಂಗದಿಂದ. ಉಲ್ಫಿಲಾಸ್ ಅನ್ನುವ ಧರ್ಮಾಧ್ಯಕ್ಷ 4ನೇ ಶತಮಾನದಲ್ಲಿ ಗಾತ್ ಜನರಿಗೆ ಲಿಪಿ ಮಾಡಿಕೊಟ್ಟು, ಬೈಬಲನ್ನು ಅವರ ಮಾತಿಗೆ ತಂದ. ಅವನು ನಿಸೇಯವನ್ನು ಒಪ್ಪದವರ ಕಡೆಯವನು. ಹೀಗಾಗಿ ರೋಮಿನವರು ಬಿಟ್ಟ ಮತ ಗಾತರ ಮನೆಗಳಲ್ಲಿ ಬೆಳೆಯಿತು. ಅವರ ರಾಜ ಥಿಯೊಡೋರಿಕ್ 493ರಿಂದ 526ರವರೆಗೆ ರವೆನ್ನಾದಲ್ಲಿ ಕೂತು ಇಟಲಿ ಆಳಿದ. ಅವನು ಆರಿಯನ್, ಅವನ ತಾಯಿ ಕಥೋಲಿಕಳು, ಅಂದರೆ ನಿಸೇಯವನ್ನು ಒಪ್ಪಿದವರ ಕಡೆಯವಳು. ಒಂದೇ ಊರಿನಲ್ಲಿ ಎರಡು ಪ್ರಧಾನಾಲಯ (ಕೆಥೆಡ್ರಲ್), ಎರಡು ಜ್ಞಾನಸ್ನಾನ ಮಂದಿರ. ಬಲವಂತವಾಗಿ ಯಾರನ್ನೂ ನಂಬಿಸಲು ಆಗುವುದಿಲ್ಲ, ಧರ್ಮದ ವಿಷಯದಲ್ಲಿ ನಾವು ಆಜ್ಞೆ ಮಾಡಲಾರೆವು ಅಂತ ಅವನ ಆಸ್ಥಾನದಿಂದ ಜಿನೋವಾದ ಯೆಹೂದ್ಯರಿಗೆ ಪತ್ರ ಹೋಗಿತ್ತು. ಕೊನೆಗಾಲದಲ್ಲಿ ಅವನು ಅಷ್ಟು ಒಳ್ಳೆಯವನಾಗಿ ಉಳಿಯಲಿಲ್ಲ. ಪೋಪ್ ಮೊದಲನೇ ಜಾನ್ 526ರಲ್ಲಿ ಅವನ ಸೆರೆಯಲ್ಲೇ ತೀರಿಕೊಂಡರು.

ಈಗ ಚಾವಣಿಗೆ ಬರೋಣ. ನಡುವಿನ ವೃತ್ತದಲ್ಲಿ ಯೇಸು ಸೊಂಟದವರೆಗೆ ನೀರಿನಲ್ಲಿ ನಿಂತಿದ್ದಾರೆ. ಮೈ ಮೇಲೆ ಬಟ್ಟೆಯಿಲ್ಲ, ಮೀಸೆ ಗಡ್ಡ ಇಲ್ಲ, ಹುಡುಗನ ಮುಖ. ನೀರು ಎಷ್ಟು ತಿಳಿಯಾಗಿದೆಯೆಂದರೆ ಕಾಲುಗಳು ಕಾಣುತ್ತವೆ. ಸಣ್ಣ ಸಣ್ಣ ಗಾಜಿನ ಚೂರು ಜೋಡಿಸಿ ತಿಳಿನೀರು ತೋರಿಸಿದ್ದಾರೆ, ಯೋಚಿಸಿ. ತಲೆಯ ಮೇಲೆ ನೇರವಾಗಿ ಇಳಿಯುವ ಪಾರಿವಾಳ. ಒಂದು ಕಡೆ ಚುಕ್ಕೆ ಚುಕ್ಕೆ ತೊಗಲು ಹೊದ್ದು ಯೇಸುವಿಗೆ ಜ್ಞಾನಸ್ನಾನ ಕೊಡುತ್ತಿರುವ ಸ್ನಾನಿಕ ಯೊವಾನ್ನ. ಇನ್ನೊಂದು ಕಡೆ ಬಿಳಿ ಗಡ್ಡದ ಮುದುಕ ಕೂತಿದ್ದಾನೆ, ತಲೆಯ ಮೇಲೆ ಕೊಂಬಿನ ಹಾಗೆ ಎರಡು ಕೆಂಪು ಏಡಿಕಾಲು! ಅವನು ಜೋರ್ದಾನ್ ನದಿ. ಹಳೆಯ ರೋಮನ್ನರು ನದಿದೇವರನ್ನು ತೋರಿಸುತ್ತಿದ್ದ ರೀತಿ ಇದು. ನಮ್ಮಲ್ಲಿ ಕಾವೇರಿಗೆ ಅಮ್ಮನ ರೂಪ ಕೊಟ್ಟ ಹಾಗೆ ಅವರು ನದಿಗೆ ತಾತನ ರೂಪ ಕೊಟ್ಟರು.

ಸುತ್ತ ಹನ್ನೆರಡು ಪ್ರೇಷಿತರು (ಅಪೊಸ್ತಲರು), ನಡುವೆ ನಡುವೆ ಖರ್ಜೂರದ ಮರ. ಕೀಲಿಕೈ ಹಿಡಿದ ಪೇತ್ರ ಒಂದು ಸಾಲಿಗೆ ಮುಂದೆ, ಸುರುಳಿ ಹಿಡಿದ ಪೌಲ ಇನ್ನೊಂದು ಸಾಲಿಗೆ ಮುಂದೆ. ಉಳಿದವರ ಕೈಯಲ್ಲಿ ಕಿರೀಟ. ಎರಡೂ ಸಾಲು ಒಂದು ಖಾಲಿ ಸಿಂಹಾಸನದ ಕಡೆ ನಡೆಯುತ್ತವೆ. ಆ ಸಿಂಹಾಸನದ ಮೇಲೆ ರತ್ನದ ಶಿಲುಬೆ. ಪ್ರೇಷಿತರ ಕಾಲ ಕೆಳಗಿನ ಹುಲ್ಲನ್ನು ಗಮನಿಸಿ. ಹಸಿರು ಎಲ್ಲ ಕಡೆ ಒಂದೇ ಅಲ್ಲ. ಕೆಲಸ ಹಲವು ವರ್ಷ ನಿಂತು ನಡೆದದ್ದರಿಂದ ಬಣ್ಣ ಬದಲಾಗಿದೆ.

ನನ್ನ ಒಂದೇ ಬೇಸರ ಮಂದಿರದ್ದಲ್ಲ, ಗೈಡಿನದು. ಜೂಬಿಲಿ ಯಾತ್ರೆಗೆ ಅಂತ 2025ರಲ್ಲಿ ರೋಮಿಗೆ ಹೋಗಿದ್ದೆ. ಅಲ್ಲಿಂದ ಬೊಲೊನ್ಯಾದಲ್ಲಿ ಓದುತ್ತಿರುವ ಮಗಳ ಹತ್ತಿರ ಹೋಗಿ, ಇಬ್ಬರೂ ರೈಲು ಹತ್ತಿ ರವೆನ್ನಾಕ್ಕೆ ಬಂದೆವು. ಮಗಳು ಆನ್‌ಲೈನಿನಲ್ಲಿ ಒಂದು ವಾಕಿಂಗ್ ಟೂರ್ ಬುಕ್ ಮಾಡಿದ್ದಳು. ಗೈಡ್ ಚಾವಣಿ ತೋರಿಸಿ, "ಆರಿಯನ್ನರಿಗೆ ಯೇಸು ಬರೀ ಮನುಷ್ಯ, ಅದಕ್ಕೇ ಗಡ್ಡವಿಲ್ಲದ ಹುಡುಗನಾಗಿ ತೋರಿಸಿದ್ದಾರೆ" ಅಂದರು. ಏಳೇ ನಿಮಿಷದಲ್ಲಿ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋದರು.

ಎರಡೂ ಮಾತು ತಪ್ಪು. ಬರೀ ಮನುಷ್ಯ ಅಂತ ಆರಿಯಸ್ ಹೇಳಲೇ ಇಲ್ಲ. ಲೋಕವೆಲ್ಲ ಆದದ್ದು ಮಗನ ಮೂಲಕವೇ ಅಂತ ಅವನೂ ನಂಬಿದ್ದ. ಇನ್ನು ಗಡ್ಡದ ಮಾತು. ಅದೇ ಊರಿನ ಸಾನ್ ವಿತಾಲೆಗೆ ಹೋಗಿ. 547ರಲ್ಲಿ ಪ್ರತಿಷ್ಠೆಯಾದ ಕಥೋಲಿಕ ದೇವಾಲಯ ಅದು. ಪೀಠದ ಮೇಲ್ಗಡೆಯ ಚಿತ್ರದಲ್ಲಿ ನೀಲಿ ಗೋಳದ ಮೇಲೆ ಕೂತ ಯೇಸುವಿಗೂ ಗಡ್ಡವಿಲ್ಲ! ಥಿಯೊಡೋರಿಕ್ ಕಟ್ಟಿಸಿದ ಸಾಂತ್ ಅಪೊಲಿನಾರೆ ನುವೊವೊದಲ್ಲಿ ಒಂದು ಗೋಡೆಯ ಯೇಸುವಿಗೆ ಗಡ್ಡವಿಲ್ಲ, ಎದುರು ಗೋಡೆಯ ಯೇಸುವಿಗೆ ಗಡ್ಡವಿದೆ. ಗಡ್ಡ ನೋಡಿ ಮತ ಹೇಳಲು ಬರುವುದಿಲ್ಲ. ಟೂರ್ ಮುಗಿದ ಮೇಲೆ ನಾವಿಬ್ಬರೂ ವಾಪಸ್ ಬಂದು ಮತ್ತೆ ಒಳಗೆ ಹೋದೆವು. ಮುಕ್ಕಾಲು ಗಂಟೆ ನಿಂತಿದ್ದೆ.

ಅಷ್ಟು ಹೊತ್ತು ಹುಡುಕಿದ್ದು ಒಂದನ್ನೇ. ಈ ಚಿತ್ರದಲ್ಲಿ ಪಾಷಂಡ, ಅಂದರೆ ಧರ್ಮಸಭೆ ತಳ್ಳಿಹಾಕಿದ ಬೋಧನೆ, ಎಲ್ಲಿದೆ? ಸಿಗಲಿಲ್ಲ. ಊರಿನ ಇನ್ನೊಂದು ಕಡೆ ಇರುವ ಕಥೋಲಿಕರ ಜ್ಞಾನಸ್ನಾನ ಮಂದಿರ ಇದಕ್ಕಿಂತ ಹಳೆಯದು. ಧರ್ಮಾಧ್ಯಕ್ಷ ನಿಯೋನ್ ಅದನ್ನು ಸಿಂಗರಿಸಿದರು. ಅಲ್ಲೂ ನಡುವೆ ಅದೇ ನದಿ, ಅದೇ ಪಾರಿವಾಳ, ಸುತ್ತ ಅದೇ ಹನ್ನೆರಡು ಜನ. ಪ್ರೇಷಿತರ ಹಿನ್ನೆಲೆ ಮಾತ್ರ ಕಡುನೀಲಿ, ಕೆಲಸ ಇನ್ನೂ ನಾಜೂಕು. ಆರಿಯನ್ನರು ತಮ್ಮ ಮಕ್ಕಳನ್ನು ಇಳಿಸಿದ ನೀರಿನ ಮೇಲೂ ನಮ್ಮದೇ ಚಿತ್ರ ಇತ್ತು. ಭೇದ ಇದ್ದದ್ದು ಆ ಮಗ ಯಾರು ಅಂತ ಕೇಳಿದಾಗ ಕೊಡುವ ಉತ್ತರದಲ್ಲಿ. ಆ ಉತ್ತರ ನನಗೆ ಸಣ್ಣದಲ್ಲ. ನಿಸೇಯ ಹೇಳಿದ್ದೇ ಸರಿ ಅಂತ ಪೂರ್ತಿ ನಂಬುತ್ತೇನೆ. ಆದರೆ ಇಲ್ಲಿ ನಿಂತಾಗ ಆ ಜನರ ಮೇಲೆ ಕೋಪ ಬರಲಿಲ್ಲ.

540ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಸೈನ್ಯ ರವೆನ್ನಾ ಹಿಡಿಯಿತು. ಸುಮಾರು ಇಪ್ಪತ್ತು ವರ್ಷಗಳಲ್ಲಿ ಆರಿಯನ್ನರ ಆಲಯಗಳೆಲ್ಲ ಕಥೋಲಿಕರ ಕೈಗೆ ಬಂದವು. ಈ ಮಂದಿರವನ್ನು ಮಾತೆ ಮರಿಯಳ ಪ್ರಾರ್ಥನಾಲಯ ಮಾಡಿಕೊಂಡರು. ಚಾವಣಿಯನ್ನು ಮುಟ್ಟಲಿಲ್ಲ, ನಮ್ಮ ಪುಣ್ಯ. ಸಾಂತ್ ಅಪೊಲಿನಾರೆ ನುವೊವೊದಲ್ಲಿ ಹಾಗಾಗಲಿಲ್ಲ. ಅಲ್ಲಿನ ಗೋಡೆಯಲ್ಲಿ ಥಿಯೊಡೋರಿಕ್‌ನ ಅರಮನೆಯ ಚಿತ್ರವಿದೆ. ಕಂಬಗಳ ನಡುವೆ ನಿಂತಿದ್ದ ಅವನ ಕಡೆಯವರನ್ನು ಕಿತ್ತು, ಆ ಜಾಗಕ್ಕೆ ಬಿಳಿ ಪರದೆ ಜೋಡಿಸಿದ್ದಾರೆ. ಆದರೆ ಕೆಲವು ಕಂಬಗಳ ಮೇಲೆ ಕೈಗಳು ಹಾಗೇ ಉಳಿದಿವೆ. ಮೈಯಿಲ್ಲ, ಮುಖವಿಲ್ಲ, ಬಿಳಿ ಕಂಬಕ್ಕೆ ಅಂಟಿದ ಮುಂಗೈ, ಐದು ಬೆರಳು. ಕೀಳುವವರು ಕಂಬ ಹಾಳು ಮಾಡದೆ ಬಿಟ್ಟಿರಬೇಕು. ಮಗಳು ತೋರಿಸಿದಾಗ ನನಗೆ ಗಂಟಲು ಕಟ್ಟಿತು.

ಹೋಗುವವರಿಗೆ ಕೆಲವು ಮಾತು. ಸಾನ್ ವಿತಾಲೆ, ಗಾಲಾ ಪ್ಲಾಚಿಡಿಯಾ ಸಮಾಧಿ ಮಂದಿರ, ನಿಯೋನ್ ಮಂದಿರ, ಸಾಂತ್ ಅಪೊಲಿನಾರೆ ನುವೊವೊ ಇವಕ್ಕೆಲ್ಲ ಒಂದೇ ಟಿಕೆಟ್. ಆರಿಯನ್ನರ ಮಂದಿರ ಅದರಲ್ಲಿ ಸೇರಿಲ್ಲ, ಬೇರೆ ಟಿಕೆಟ್ ತೆಗೆದುಕೊಳ್ಳಬೇಕು. ರೇಟ್ ತುಂಬಾ ಕಡಿಮೆ. ನಿಯೋನ್ ಮಂದಿರಕ್ಕೆ ಸಮಯ ಮೊದಲೇ ಗೊತ್ತು ಮಾಡಿಕೊಳ್ಳಿ. ಮೊದಲು ಅದನ್ನು ನೋಡಿ, ಅದೇ ದಿನ ಇಲ್ಲಿಗೆ ಬನ್ನಿ, ಆಗ ಎರಡೂ ಕಣ್ಣಿನಲ್ಲಿ ಒಟ್ಟಿಗೆ ಇರುತ್ತವೆ. ಸಣ್ಣ ದುರ್ಬೀನು ಇದ್ದರೆ ಬ್ಯಾಗಿಗೆ ಹಾಕಿಕೊಳ್ಳಿ. ಕೂರಲು ಜಾಗವಿಲ್ಲ, ಕತ್ತು ನೋಯುತ್ತದೆ, ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇದನ್ನು ನೆನಪಿಡಿ. ಗೈಡ್ ಬೇಕೆಂದರೆ ಆರಿಯಸ್ ಏನು ಹೇಳಿದ ಅಂತ ಮೊದಲೇ ಒಂದು ಪ್ರಶ್ನೆ ಕೇಳಿ ನೋಡಿ, ಆಮೇಲೆ ದುಡ್ಡು ಕೊಡಿ.

ಊರಿಗೆ ಬಂದ ಮೊದಲನೇ ಭಾನುವಾರ ಕ್ಲಾಸಿಗೆ ಒಂದು ಮೇಣದಬತ್ತಿ ತೆಗೆದುಕೊಂಡು ಹೋದೆ. ಹಚ್ಚಿ ಆ ಹುಡುಗನನ್ನು ಕರೆದೆ. ಬೆಂಕಿ ಮೊದಲು ಬಂತಾ, ಬೆಳಕು ಮೊದಲು ಬಂತಾ ಅಂತ ಕೇಳಿದೆ. ಸೂರ್ಯ ಮತ್ತು ಅದರ ಬೆಳಕನ್ನು ಇಟ್ಟುಕೊಂಡು ಅಥನೇಸಿಯಸ್ ಹೇಳಿದ್ದೂ ಇದೇ ಮಾತು. ಹುಡುಗ ತುಂಬಾ ಹೊತ್ತು ಬತ್ತಿಯನ್ನೇ ನೋಡಿದ. ಊದಿ ಆರಿಸಿದ. "ಇನ್ನೊಂದ್ಸಲ ಹಚ್ಚಿ ಟೀಚರ್, ಈ ಸಲ ಸರಿಯಾಗಿ ನೋಡ್ತೀನಿ" ಅಂದ.