‘ಅನ್‌ಲಾಕ್ ಆಗಿದೆ’ ಅಂದರೆ ಕಂತು ತೀರಿದೆ ಅಂತಲ್ಲ: ಬಳಸಿದ ಫೋನ್ ಕೊಳ್ಳುವ ಮುನ್ನ ಓದಿ

ಫೋನ್ ಕೈಗೆ ಬಂದ ದಿನ ಎಲ್ಲವೂ ಸರಿ ಇರುತ್ತದೆ. ಸಿಮ್ ಹಾಕಿದರೆ ಸಿಗ್ನಲ್ ಬರುತ್ತದೆ, ಕರೆ ಹೋಗುತ್ತದೆ, ಐಎಂಇಐ ನಂಬರ್ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಹಾಕಿ ಆನ್‌ಲೈನ್‌ನಲ್ಲಿ ಪರೀಕ್ಷಿಸಿದರೆ ‘ಕ್ಲೀನ್’ ಎಂದು ಹಸಿರು ಗುರುತು ಬೀಳುತ್ತದೆ. ಎರಡು ಮೂರು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಸಿಗ್ನಲ್ ಕಡ್ಡಿಗಳಿದ್ದ ಜಾಗದಲ್ಲಿ ‘ನೋ ಸರ್ವಿಸ್’. ರೀಸ್ಟಾರ್ಟ್ ಮಾಡಿದರೂ ಅಷ್ಟೇ, ಬೇರೆ ಸಿಮ್ ಹಾಕಿದರೂ ಅಷ್ಟೇ, ಫ್ಯಾಕ್ಟರಿ ರಿಸೆಟ್ ಮಾಡಿದರೂ ಅಷ್ಟೇ. ವೈಫೈ ಮಾತ್ರ ನಡೆಯುತ್ತದೆ. ಅಷ್ಟರಲ್ಲಿ ಮಾರಿದವರ ನಂಬರ್ ಬದಲಾಗಿರುತ್ತದೆ, ವಾಪಸ್ ಕೊಡುವ ಅವಧಿಯೂ ಮುಗಿದಿರುತ್ತದೆ.

ಆಗಿದ್ದು ಇಷ್ಟು. ಮಾರಿದವರು ಆ ಫೋನನ್ನು ಟೆಲಿಕಾಂ ಕಂಪನಿಯಿಂದ 24 ಅಥವಾ 36 ತಿಂಗಳ ಕಂತಿನಲ್ಲಿ ತೆಗೆದುಕೊಂಡಿದ್ದರು. ನಡುವೆಯೇ ಮಾರಿ, ಪೂರ್ತಿ ಹಣ ಎಣಿಸಿಕೊಂಡು, ಕಂತು ಕಟ್ಟುವುದನ್ನು ನಿಲ್ಲಿಸಿದರು. ಕಂಪನಿ ಮೊದಲ ಕಂತು ತಪ್ಪಿದ ದಿನವೇ ಫೋನ್ ಮುಚ್ಚುವುದು ಅಪರೂಪ. ನೆನಪೋಲೆ, ದಂಡ, ಮತ್ತೊಂದು ಬಿಲ್ಲು ಎಲ್ಲ ಮುಗಿದ ಮೇಲೆ ಕ್ರಮ. ಆ ಕ್ರಮ ಬೀಳುವುದು ಐಎಂಇಐ ಮೇಲೆ. ಫೋನ್ ಈಗ ಯಾರ ಕೈಯಲ್ಲಿದೆ ಎಂಬುದು ಕಂಪನಿಗೆ ಗೊತ್ತಿಲ್ಲ, ಗೊತ್ತಾದರೂ ಲೆಕ್ಕಕ್ಕಿಲ್ಲ.

ಇಲ್ಲಿ ಹೆಚ್ಚಿನವರು ಎಡವುವುದು ‘ಲಾಕ್’ ಎಂಬ ಒಂದೇ ಮಾತಿನಲ್ಲಿ. ಆ ಮಾತಿನ ಹಿಂದೆ ಮೂರು ಬೇರೆ ಬೇರೆ ಸಂಗತಿಗಳಿವೆ. ಒಂದು ತೆರೆದಿದ್ದರೆ ಉಳಿದೆರಡೂ ತೆರೆದಿವೆ ಎಂದು ತಿಳಿಯಬೇಡಿ.

ಮೊದಲನೆಯದು ಸಿಮ್ ಲಾಕ್. ಪ್ರತಿ ಸಿಮ್‌ನಲ್ಲೂ ಒಂದು ಚಂದಾದಾರ ಸಂಖ್ಯೆ ಇರುತ್ತದೆ, ಅದರ ಮೊದಲ 5 ಅಥವಾ 6 ಅಂಕಿಗಳು ದೇಶ ಮತ್ತು ಕಂಪನಿಯನ್ನು ಹೇಳುತ್ತವೆ. ಲಾಕ್ ಇರುವ ಫೋನ್ ಆ ಅಂಕಿಗಳನ್ನು ಓದಿ, ತನ್ನ ಕಂಪನಿಯದಲ್ಲದಿದ್ದರೆ ಸಿಮ್ಮನ್ನು ಒಪ್ಪುವುದಿಲ್ಲ. ಕೆಲವೆಡೆ ಇದಕ್ಕಿಂತ ಬಿಗಿ: ಟವರ್ ಒಂದೇ ಆದರೂ, ಅದೇ ಟವರ್ ಬಾಡಿಗೆಗೆ ಪಡೆದ ಸಣ್ಣ ಕಂಪನಿಯ ಸಿಮ್ ಕೂಡ ನಡೆಯದು. ಆಂಡ್ರಾಯ್ಡ್ ಫೋನುಗಳಲ್ಲಿ ಈ ಲಾಕ್ ಸಾಮಾನ್ಯವಾಗಿ ಮೋಡೆಮ್‌ನ (ಟವರ್ ಜೊತೆ ಮಾತಾಡುವ ಚಿಪ್) ಸುರಕ್ಷಿತ ಭಾಗದಲ್ಲಿ ಇರುತ್ತದೆ, ಐಫೋನಿನಲ್ಲಿ ಆಪಲ್‌ನ ಆಕ್ಟಿವೇಶನ್ ಸರ್ವರ್ ತೀರ್ಮಾನಿಸುತ್ತದೆ. ಆದ್ದರಿಂದಲೇ ಫ್ಯಾಕ್ಟರಿ ರಿಸೆಟ್‌ನಿಂದ ಎರಡರಲ್ಲೂ ಏನೂ ಬದಲಾಗುವುದಿಲ್ಲ.

ಎರಡನೆಯದು ಬ್ಲಾಕ್‌ಲಿಸ್ಟ್. ಇದು ಫೋನಿನೊಳಗೆ ಇಲ್ಲ, ನೆಟ್‌ವರ್ಕ್‌ನಲ್ಲಿದೆ. ಫೋನ್ ಟವರ್‌ಗೆ ತನ್ನ ಐಎಂಇಐ ತಿಳಿಸಿದಾಗ ನೆಟ್‌ವರ್ಕ್ ಪಟ್ಟಿ ನೋಡಿ ಬಾಗಿಲು ಹಾಕುತ್ತದೆ. ಕಳೆದುಹೋದ, ಕಳುವಾದ ಫೋನುಗಳಿಗಾಗಿ ಹುಟ್ಟಿದ ಈ ಪಟ್ಟಿಯನ್ನು ಕೆಲವು ಕಂಪನಿಗಳು ಕಂತು ಕಟ್ಟದವರ ಫೋನಿಗೂ ಬಳಸುತ್ತವೆ. ಸಿಮ್ ಲಾಕ್ ಪೂರ್ತಿ ತೆರೆದಿರುವ ಫೋನೂ ಬ್ಲಾಕ್‌ಲಿಸ್ಟ್‌ಗೆ ಬೀಳಬಹುದು. ಸೇರಿಸಿದ ಕಂಪನಿಯೇ ತೆಗೆಯಬೇಕು, ಬೇರೆ ಯಾರಿಂದಲೂ ಆಗದು.

ಮೂರನೆಯದು ಫೈನಾನ್ಸ್ ಲಾಕ್, ಎಲ್ಲಕ್ಕಿಂತ ಕೆಟ್ಟದ್ದು. ಸಾಲ ಕೊಟ್ಟವರ ಹೆಸರಿನಲ್ಲಿ ಫೋನ್ ಮೊದಲೇ ನೋಂದಣಿಯಾಗಿರುತ್ತದೆ. ಈ ಕಾವಲು ಕಾಯುವ ತಂತ್ರಾಂಶ ಸ್ಯಾಮ್‌ಸಂಗ್‌ನಲ್ಲಿ ನಾಕ್ಸ್ ಗಾರ್ಡ್, ಇನ್ನೂ ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್‌ನ ಡಿವೈಸ್ ಲಾಕ್ ಕಂಟ್ರೋಲರ್. ಕಂತು ತಪ್ಪಿದರೆ ಪರದೆಯೇ ಮುಚ್ಚುತ್ತದೆ. ವೈಫೈನಲ್ಲಿ ಬಳಸೋಣ ಎಂದರೂ ಆಗದು. ನಾಕ್ಸ್ ಗಾರ್ಡ್ ರಿಸೆಟ್‌ಗೂ ಜಗ್ಗುವುದಿಲ್ಲ: ಫೋನ್ ಮತ್ತೆ ಇಂಟರ್ನೆಟ್ ಮುಟ್ಟಿದೊಡನೆ ಸರ್ವರ್ ಅದನ್ನು ಗುರುತು ಹಿಡಿಯುತ್ತದೆ.

ಈಗ ‘ಕ್ಲೀನ್’ ಎಂಬ ಹಸಿರು ಗುರುತಿಗೆ ಬರೋಣ. ಆನ್‌ಲೈನ್ ಐಎಂಇಐ ಪರೀಕ್ಷೆ ಹೇಳುವುದು ಒಂದನ್ನೇ: ಈ ನಂಬರ್ ಇವತ್ತು ಪಟ್ಟಿಯಲ್ಲಿ ಇಲ್ಲ. ಕಂತು ಬಾಕಿ ಇದೆಯೇ ಎಂಬ ಪ್ರಶ್ನೆಗೆ ಬಹುಪಾಲು ಉಚಿತ ತಾಣಗಳಲ್ಲಿ ಉತ್ತರವೇ ಇಲ್ಲ. ಜಪಾನಿನ ಕಂಪನಿಗಳ ಪದ್ಧತಿ ಈ ವಿಷಯದಲ್ಲಿ ಪ್ರಾಮಾಣಿಕವಾಗಿತ್ತು. ತಮ್ಮ ತಾಣದಲ್ಲಿ ಐಎಂಇಐ ಹಾಕಿದರೆ ನಾಲ್ಕು ಗುರುತುಗಳಲ್ಲಿ ಒಂದು ಬರುತ್ತಿತ್ತು: ವೃತ್ತ ಅಂದರೆ ತೊಂದರೆ ಇಲ್ಲ, ತ್ರಿಕೋನ ಅಂದರೆ ಈಗ ನಡೆಯುತ್ತದೆ ಆದರೆ ಕಂತು ಬಾಕಿಯಂಥ ಕಾರಣದಿಂದ ಮುಂದೆ ನಿಲ್ಲಬಹುದು, ಗುಣಾಕಾರ ಚಿಹ್ನೆ ಅಂದರೆ ನಿರ್ಬಂಧ ಬಿದ್ದಿದೆ, ಅಡ್ಡಗೆರೆ ಅಂದರೆ ತಮ್ಮ ದಾಖಲೆಯಲ್ಲಿ ಆ ಫೋನ್ ಇಲ್ಲ. ಆ ತ್ರಿಕೋನವೇ ಬೇರೆ ಕಡೆ ಸಿಗದ ಮಾಹಿತಿ. ಉಳಿದೆಡೆ ತ್ರಿಕೋನದ ಫೋನೂ ಹಸಿರಾಗಿಯೇ ಕಾಣುತ್ತದೆ.

ಕಾನೂನು ಕಾಪಾಡುತ್ತದೆ ಎಂದೂ ಕೂರಬೇಡಿ. ಕೆನಡಾದಲ್ಲಿ 2017ರ ಡಿಸೆಂಬರ್ 1ರಿಂದ, ಬ್ರಿಟನ್‌ನಲ್ಲಿ 2021ರ ಡಿಸೆಂಬರ್‌ನಿಂದ ಸಿಮ್ ಲಾಕ್ ಮಾಡಿದ ಫೋನ್ ಮಾರುವಂತಿಲ್ಲ. ಜಪಾನಿನಲ್ಲೂ 2021ರ ಅಕ್ಟೋಬರ್‌ನಿಂದ ತಾತ್ವಿಕವಾಗಿ ನಿಷೇಧ. ಅಮೆರಿಕದ 2014ರ ಕಾಯ್ದೆ ಫೋನ್ ಅನ್‌ಲಾಕ್ ಮಾಡಿಸಿಕೊಳ್ಳುವುದು ತಪ್ಪಲ್ಲ ಎಂದಿತು, ಆದರೆ ಬಾಕಿ ಇರುವಾಗಲೂ ತೆರೆದುಕೊಡಿ ಎಂದು ಕಂಪನಿಗಳಿಗೆ ಹೇಳಲಿಲ್ಲ. ಈ ನಿಯಮಗಳೆಲ್ಲ ಮೊದಲನೆಯ ಲಾಕ್‌ಗೆ ಸೇರಿದವು. ಸಿಮ್ ಲಾಕ್ ಹೋದರೂ ಸಾಲ ಹೋಗುವುದಿಲ್ಲ.

ಹಾಗಾದರೆ ಕೊಳ್ಳುವಾಗ ಏನು ಮಾಡಬೇಕು? ಸಮಯ ಇಟ್ಟುಕೊಂಡು ಹೋಗಿ, ಕನಿಷ್ಠ ಅರ್ಧ ಗಂಟೆ ಬೇಕು. ಅವಸರ ಮಾಡುವವರಿಂದ ಕೊಳ್ಳದಿರುವುದೇ ಮೇಲು.

*#06# ಒತ್ತಿ. 15 ಅಂಕಿಯ ಐಎಂಇಐ ಬರುತ್ತದೆ. ಎರಡು ಸಿಮ್‌ನ ಫೋನಾದರೆ ಎರಡು ಬರುತ್ತವೆ, ಎರಡನ್ನೂ ಬರೆದುಕೊಳ್ಳಿ. ಮೊದಲನೆಯದನ್ನು ಮಾತ್ರ ಪರೀಕ್ಷಿಸಿ ಮೋಸಹೋದವರು ಬಹಳ. ಡಬ್ಬಿಯ ಮೇಲಿನ ಅಂಕಿ, ಸೆಟ್ಟಿಂಗ್ಸ್‌ನ ಅಂಕಿ, ಸಿಮ್ ತಟ್ಟೆಯ ಮೇಲೆ ಕೊರೆದಿದ್ದರೆ ಅದು, ಎಲ್ಲ ಒಂದೇ ಇರಬೇಕು. ಬೇರೆ ಇದ್ದರೆ ಬೋರ್ಡ್ ಬದಲಾಗಿರಬಹುದು ಅಥವಾ ನಂಬರ್ ತಿದ್ದಿರಬಹುದು. ಎರಡರಲ್ಲಿ ಯಾವುದೇ ಆಗಿರಲಿ, ಆ ಫೋನನ್ನು ಅಲ್ಲಿಗೇ ಬಿಟ್ಟುಬಿಡಿ.

ಐಫೋನಾದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ‘ಕ್ಯಾರಿಯರ್ ಲಾಕ್’ ಎಂಬ ಸಾಲು ನೋಡಿ. ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದ್ದರೆ ಸಿಮ್ ಲಾಕ್ ಇಲ್ಲ. ಈ ಸಾಲು ಬ್ಲಾಕ್‌ಲಿಸ್ಟ್ ಬಗ್ಗೆಯಾಗಲಿ ಬಾಕಿ ಬಗ್ಗೆಯಾಗಲಿ ಏನೂ ಹೇಳುವುದಿಲ್ಲ. ಅಮೆರಿಕದಲ್ಲಿ ಮಾರಾಟವಾದ ಐಫೋನ್ 14 ಮತ್ತು ಆಮೇಲಿನವುಗಳಲ್ಲಿ ಸಿಮ್ ತಟ್ಟೆಯೇ ಇಲ್ಲ, ಇಸಿಮ್ (ಫೋನಿನೊಳಗೇ ಇರುವ ಡಿಜಿಟಲ್ ಸಿಮ್) ಮಾತ್ರ. ಅಂಥ ಫೋನಿನಲ್ಲಿ ಸಿಮ್ ಬದಲಿಸಿ ನೋಡುವ ಸುಲಭ ದಾರಿ ಇಲ್ಲದ ಕಾರಣ ಈ ಸಾಲಿನ ಬೆಲೆ ಇನ್ನೂ ಹೆಚ್ಚು.

ಸ್ಯಾಮ್‌ಸಂಗ್ ಆದರೆ ಡೌನ್‌ಲೋಡ್ ಮೋಡ್ (ರಿಪೇರಿಯವರು ಬಳಸುವ ವಿಶೇಷ ಪರದೆ) ನೋಡುವುದು ಒಳ್ಳೆಯದು. ಹೊಸ ಮಾದರಿಗಳಲ್ಲಿ ಫೋನ್ ಆಫ್ ಮಾಡಿ, ಎರಡೂ ವಾಲ್ಯೂಮ್ ಗುಂಡಿ ಒತ್ತಿ ಹಿಡಿದು, ಕಂಪ್ಯೂಟರ್‌ಗೆ ಸೇರಿಸಿದ ಕೇಬಲ್ ಚುಚ್ಚಬೇಕು. ಎಚ್ಚರಿಕೆಯ ಪರದೆ ಬಂದಾಗ ವಾಲ್ಯೂಮ್ ಅಪ್ ಅನ್ನು ಒಮ್ಮೆ ಒತ್ತಿ ಬಿಡಿ. ಒತ್ತಿ ಹಿಡಿಯಬೇಡಿ, ಅದು ಬೂಟ್‌ಲೋಡರ್ (ಫೋನನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ತೆರೆಯುವ ದಾರಿ. ಮುಂದಿನ ಪರದೆಯ ಮೂಲೆಯಲ್ಲಿ ‘ಕೆಜಿ ಸ್ಟೇಟ್’ ಎಂಬ ಸಾಲಿರುತ್ತದೆ, ಅಂದರೆ ನಾಕ್ಸ್ ಗಾರ್ಡ್‌ನ ಸ್ಥಿತಿ. ‘ಲಾಕ್ಡ್’ ಅಥವಾ ‘ಆಕ್ಟಿವ್’ ಎಂದಿದ್ದರೆ ಆ ಫೋನ್ ಬೇಡ. ‘ಆಕ್ಟಿವ್’ ಅಂದರೆ ಈಗ ತೆರೆದಿದೆ, ಆದರೆ ಹಗ್ಗ ಇನ್ನೊಬ್ಬರ ಕೈಯಲ್ಲಿದೆ. ಹೊರಬರಲು ವಾಲ್ಯೂಮ್ ಡೌನ್ ಮತ್ತು ಪವರ್ ಗುಂಡಿಯನ್ನು ಫೋನ್ ಮರುಚಾಲೂ ಆಗುವವರೆಗೆ ಹಿಡಿಯಿರಿ.

ಡಿವೈಸ್ ಲಾಕ್ ಕಂಟ್ರೋಲರ್ ಆ್ಯಪ್ ಪಟ್ಟಿಯಲ್ಲಿ ಕಂಡ ಮಾತ್ರಕ್ಕೆ ಗಾಬರಿ ಬೇಡ. ಸಾಲವೇ ಇಲ್ಲದ ಎಷ್ಟೋ ಫೋನುಗಳಲ್ಲೂ ಅದು ಸುಮ್ಮನೆ ಕೂತಿರುತ್ತದೆ. ಈ ಫೋನ್ ಸಾಲ ಕೊಟ್ಟ ಸಂಸ್ಥೆಯದು ಎಂಬ ನೋಟಿಫಿಕೇಶನ್, ಅಥವಾ ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಭಾಗದಲ್ಲಿ ‘ಫೈನಾನ್ಸ್ಡ್ ಡಿವೈಸ್’ ಎಂಬ ಸಾಲು ಕಂಡರೆ ಮಾತ್ರ ಅರ್ಥ ಇದೆ.

ಆಮೇಲೆ ಮಾರುವವರಿಂದಲೇ ಅವರ ಖಾತೆಗಳಿಂದ ಲಾಗ್‌ಔಟ್ ಮಾಡಿಸಿ, ನಿಮ್ಮೆದುರೇ ಫ್ಯಾಕ್ಟರಿ ರಿಸೆಟ್ ಮಾಡಿಸಿ, ಇಂಟರ್ನೆಟ್‌ಗೆ ಸೇರಿಸಿ ಮೊದಲಿನಿಂದ ಸೆಟಪ್ ಮಾಡಿ. ಫೈನಾನ್ಸ್ ನೋಂದಣಿ ಇದ್ದರೆ ಹೆಚ್ಚಾಗಿ ಹೊರಬೀಳುವುದು ಇದೇ ಹೊತ್ತಿನಲ್ಲಿ. ನೆಟ್ ಕೊಡದೆ ‘ಸ್ಕಿಪ್’ ಒತ್ತಿ ಮುಂದೆ ಹೋದರೆ ಏನೂ ಕಾಣುವುದಿಲ್ಲ. ಕೊನೆಗೆ ವೈಫೈ ಆಫ್ ಮಾಡಿ, ಬೇರೆ ಕಂಪನಿಯ ಸಿಮ್ ಹಾಕಿ, ಒಂದು ಕರೆ ಮಾಡಿ, ಒಂದು ಕರೆ ಸ್ವೀಕರಿಸಿ, ಡೇಟಾ ಓಡಿಸಿ. ವೈಫೈ ಆನ್ ಇದ್ದರೆ ವೈಫೈ ಮೂಲಕವೇ ಕರೆ ಹೋಗಿ ನಿಮ್ಮನ್ನು ದಾರಿ ತಪ್ಪಿಸಬಹುದು.

ಇಷ್ಟೆಲ್ಲ ಪಾಸಾದರೂ ಬಾಕಿ ಇಲ್ಲ ಎಂದು ಸಾಬೀತಾಗಲಿಲ್ಲ. ಅದಕ್ಕೆ ದಾರಿ ಒಂದೇ, ಮೂಲ ಕಂಪನಿಯಿಂದ ಬಂದ ಮಾತು. ಮಾರುವವರು ತಮ್ಮ ಖಾತೆಯ ಆ್ಯಪ್ ತೆರೆದು, ಆ ಐಎಂಇಐ ಎದುರಿಗೆ ಉಳಿದ ಕಂತು ಸೊನ್ನೆ ಎಂದು ನಿಮ್ಮ ಕಣ್ಣೆದುರು ತೋರಿಸಲಿ. ಸ್ಕ್ರೀನ್‌ಶಾಟ್ ಒಪ್ಪಬೇಡಿ, ಅದನ್ನು ಯಾರು ಬೇಕಾದರೂ ತಿದ್ದಬಹುದು. ಇಲ್ಲವೇ ಸ್ಪೀಕರ್ ಹಾಕಿ ಗ್ರಾಹಕ ಸೇವೆಗೆ ಕರೆ ಮಾಡಲಿ. ಬಾಕಿ ಇದೆ, ಆದರೂ ಫೋನ್ ಬೇಕೇ ಬೇಕು ಎಂದಾದರೆ ನಿಮ್ಮ ಹಣದಲ್ಲಿ ಬಾಕಿಯಷ್ಟನ್ನು ನೇರ ಕಂಪನಿಗೇ ಕಟ್ಟಿಸಿ, ರಸೀದಿ ಬಂದ ಮೇಲೆ ಉಳಿದದ್ದನ್ನು ಮಾರುವವರಿಗೆ ಕೊಡಿ. ‘ನೀವು ಕೊಟ್ಟ ಮೇಲೆ ನಾನು ಕಟ್ಟುತ್ತೇನೆ’ ಎಂಬ ಮಾತಿಗೆ ಒಪ್ಪಲೇಬೇಡಿ.

ಸ್ವಂತ ಫೋನನ್ನೇ ಕಂತಿನಲ್ಲಿ ತೆಗೆದುಕೊಂಡವರಿಗೂ ಬಲೆಗಳಿವೆ. ‘ಉಚಿತ ಫೋನ್’ ಎಂದು ಕೊಡುವ ಯೋಜನೆಗಳಲ್ಲಿ ಫೋನ್ ಉಚಿತವಲ್ಲ: ತಿಂಗಳ ಕಂತು ಬರುತ್ತದೆ, ಅದನ್ನು ಅಳಿಸುವಷ್ಟು ರಿಯಾಯಿತಿ ಅದೇ ಬಿಲ್ಲಿನಲ್ಲಿ ಬರುತ್ತದೆ. 36 ತಿಂಗಳ ಯೋಜನೆಯನ್ನು 20ನೇ ತಿಂಗಳಲ್ಲಿ ಬಿಟ್ಟರೆ ಉಳಿದ 16 ಕಂತು ಒಟ್ಟಿಗೆ ಮೈಮೇಲೆ ಬೀಳುತ್ತದೆ, 16 ತಿಂಗಳ ರಿಯಾಯಿತಿ ಹೋಗುತ್ತದೆ. ಅನ್‌ಲಾಕ್ ಬೇಕೆಂದು ಮುಂಚೆಯೇ ಪೂರ್ತಿ ಕಟ್ಟಿದರೂ ಎಷ್ಟೋ ಕಡೆ ಇದೇ ಗತಿ. ಕಟ್ಟುವ ಮೊದಲು ‘ಉಳಿದ ರಿಯಾಯಿತಿ ಮುಂದುವರಿಯುತ್ತದೆಯೇ’ ಎಂದು ಬರಹದಲ್ಲೇ ಕೇಳಿ.

ವಿಮೆಯಲ್ಲಿ ಬದಲಿ ಫೋನ್ ಬಂದಾಗ ಇನ್ನೊಂದು ತೊಡಕು. ಕಂತು ಹಳೆಯ ಐಎಂಇಐ ಹೆಸರಿನಲ್ಲೇ ಉಳಿದು, ಹೊಸದು ಖಾತೆಯಲ್ಲಿ ಸರಿಯಾಗಿ ಕೂರದಿದ್ದರೆ, ಎಲ್ಲ ಕಟ್ಟಿ ಮುಗಿಸಿದ ಮೇಲೂ ಅನ್‌ಲಾಕ್ ಅರ್ಜಿ ತಿರಸ್ಕಾರವಾಗುತ್ತದೆ. ಬದಲಿ ಬಂದ ವಾರದಲ್ಲೇ ಎರಡೂ ನಂಬರ್ ಕೊಟ್ಟು ಸರಿಪಡಿಸಿಕೊಳ್ಳಿ. ಹಳೆಯದನ್ನು ವಾಪಸ್ ಕಳಿಸಿದ ರಸೀದಿ ಜೋಪಾನ.

ಕಂತು ಮುಗಿದೊಡನೆ ಲಾಕ್ ತಾನಾಗಿ ಹೋಗುತ್ತದೆ ಎಂದುಕೊಳ್ಳಬೇಡಿ. ಕೆಲವು ಕಂಪನಿಗಳು ಮಾಡುತ್ತವೆ, ಕೆಲವಕ್ಕೆ ಅರ್ಜಿ ಹಾಕಬೇಕು. ಅಮೆರಿಕದ ಕಂಪನಿಗಳು ತಾವಾಗಿಯೇ ಒಪ್ಪಿಕೊಂಡ ಸಂಹಿತೆಯಲ್ಲಿ ಅರ್ಜಿಗೆ ಎರಡು ಕೆಲಸದ ದಿನಗಳಲ್ಲಿ ಉತ್ತರಿಸಬೇಕೆಂದಿದೆ. ವಿದೇಶಕ್ಕೆ ಹೊರಡುವವರು ವಿಮಾನದ ಹಿಂದಿನ ರಾತ್ರಿ ಇದನ್ನು ನೆನಪಿಸಿಕೊಂಡರೆ ಕೆಲಸ ಕೆಟ್ಟಂತೆಯೇ. ಒಪ್ಪಿಗೆ ಬಂದ ಮೇಲೆ ಐಫೋನನ್ನು ವೈಫೈಗೆ ಸೇರಿಸಿ ಬೇರೆ ಸಿಮ್ ಹಾಕಿ. ಆಗಲೂ ಒಪ್ಪದಿದ್ದರೆ ಬ್ಯಾಕಪ್ ತೆಗೆದು, ಅಳಿಸಿ, ಮತ್ತೆ ಆಕ್ಟಿವೇಟ್ ಮಾಡಬೇಕು. ಕೆಲವು ಆಂಡ್ರಾಯ್ಡ್ ಫೋನುಗಳಿಗೆ ಕಂಪನಿ ಒಂದು ಕೋಡ್ ಕಳಿಸುತ್ತದೆ. ಅದನ್ನು ಊಹಿಸಿ ಒತ್ತುವ ಆಟ ಬೇಡ: ಅವಕಾಶಗಳು ಕೆಲವೇ, ಮುಗಿದರೆ ಸರಿಯಾದ ಕೋಡ್ ಕೂಡ ಕೆಲಸ ಮಾಡುವುದಿಲ್ಲ.

ಸಿಕ್ಕಿಬಿದ್ದವರನ್ನು ಎರಡನೇ ಸಲ ಸುಲಿಯುವವರೂ ಕಾದಿರುತ್ತಾರೆ. ‘ಐಎಂಇಐ ಕ್ಲೀನ್ ಮಾಡಿಕೊಡುತ್ತೇವೆ’ ಎನ್ನುವವರು ಮುಂಗಡ ಪಡೆದು ಕಾಣೆಯಾಗುತ್ತಾರೆ, ಇಲ್ಲವೇ ನಂಬರನ್ನೇ ತಿದ್ದುತ್ತಾರೆ. ನಂಬರ್ ತಿದ್ದುವುದು ಬ್ರಿಟನ್‌ನಲ್ಲಿ 2002ರ ಕಾಯ್ದೆಯಡಿ, ಭಾರತದಲ್ಲಿ 2023ರ ದೂರಸಂಪರ್ಕ ಕಾಯ್ದೆಯಡಿ ಅಪರಾಧ. ಐಫೋನಿನ ಸಿಮ್ ಕೆಳಗೆ ಇಡುವ ತೆಳು ಚಿಪ್ ಬ್ಲಾಕ್‌ಲಿಸ್ಟ್ ತೆಗೆಯುವುದಿಲ್ಲ. ಅದು ಸಿಮ್ ಲಾಕ್ ಅನ್ನು ಮೋಸಗೊಳಿಸುವ ತಂತ್ರ ಮಾತ್ರ, ಒಂದು ಅಪ್‌ಡೇಟ್ ಬಂದರೆ ಅದೂ ನಿಲ್ಲುತ್ತದೆ. ಅಂಥ ಚಿಪ್ ಒಳಗಿಟ್ಟೇ ‘ಅನ್‌ಲಾಕ್ಡ್’ ಎಂದು ಮಾರುವವರಿದ್ದಾರೆ, ಆದ್ದರಿಂದ ಸಿಮ್ ತಟ್ಟೆ ಹೊರಗೆಳೆದು ಕಣ್ಣಾರೆ ನೋಡಿ.

ಈಗಾಗಲೇ ಫೋನ್ ನಿಂತಿದ್ದರೆ ಮೊದಲು ರಿಸೆಟ್ ಮಾಡಬೇಡಿ. ಪರದೆಯ ಸಂದೇಶದ ಚಿತ್ರ ತೆಗೆಯಿರಿ, ಇನ್ನೊಂದು ಫೋನಿನಿಂದಾದರೂ ಸರಿ. ಮೂರರಲ್ಲಿ ಯಾವ ಲಾಕ್ ಎಂದು ಗುರುತಿಸಿ: ಬೇರೆ ಸಿಮ್‌ಗೆ ಮಾತ್ರ ತಕರಾರು ಮಾಡಿದರೆ ಸಿಮ್ ಲಾಕ್, ಯಾವ ಸಿಮ್‌ಗೂ ಸಿಗ್ನಲ್ ಇಲ್ಲದಿದ್ದರೆ ಬ್ಲಾಕ್‌ಲಿಸ್ಟ್ ಇರಬಹುದು, ಪರದೆಯೇ ಮುಚ್ಚಿ ಕಂಪನಿಯ ಹೆಸರು ಬಂದರೆ ಫೈನಾನ್ಸ್ ಲಾಕ್. ಆಮೇಲೆ ಆ ಕಂಪನಿಗೆ ಕರೆ ಮಾಡಿ. ಖಾತೆ ನಿಮ್ಮದಲ್ಲದ ಕಾರಣ ಬಾಕಿ ಎಷ್ಟೆಂದು ಹೇಳಲು ಅವರು ನಿರಾಕರಿಸುವ ಸಾಧ್ಯತೆಯೇ ಹೆಚ್ಚು. ಆದರೆ ನಿರ್ಬಂಧ ಬಾಕಿಯಿಂದಲೋ ಕಳುವಿನ ದೂರಿನಿಂದಲೋ ಎಂದಾದರೂ ಕೇಳಿ ನೋಡಿ. ಕಳುವಿನ ದೂರಾದರೆ ಮುಂದಿನ ದಾರಿ ಪೊಲೀಸ್ ಠಾಣೆ. ಕಾರ್ಡ್‌ನಲ್ಲಿ ಅಥವಾ ಖರೀದಿ ರಕ್ಷಣೆ ಇರುವ ತಾಣದಲ್ಲಿ ಹಣ ಕೊಟ್ಟಿದ್ದರೆ ಅದೇ ದಿನ ತಕರಾರು ದಾಖಲಿಸಿ. ಜಾಹೀರಾತಿನ ಪ್ರತಿ, ಮಾತುಕತೆಯ ಸಂದೇಶಗಳು, ಐಎಂಇಐ ಬರೆದ ರಸೀದಿ ಮೂರೂ ಬೇಕಾಗುತ್ತವೆ. ರಸೀದಿಯಲ್ಲಿ ಐಎಂಇಐ ಇಲ್ಲದಿದ್ದರೆ, ನೀವು ಕೊಂಡದ್ದು ಇದೇ ಫೋನ್ ಎಂದು ತೋರಿಸಲು ಬಹಳ ಕಷ್ಟ.